ಎಪ್ಪತ್ತು ಲಕ್ಷದ ವಾಚಿನೊಳಗೆ ಏನಿದೆ?

2016ರ ಫೆಬ್ರವರಿಯಲ್ಲಿ ಕರ್ನಾಟಕದ ರಾಜಕೀಯ ಕೆಲವು ವಾರಗಳ ಕಾಲ ಒಂದು ಕೈಗಡಿಯಾರದ ಸುತ್ತ ತಿರುಗಿತ್ತು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಕಟ್ಟಿಕೊಂಡಿದ್ದ ಹ್ಯೂಬ್ಲೋ ವಾಚಿಗೆ ಎಪ್ಪತ್ತು ಲಕ್ಷ ರೂಪಾಯಿಯವರೆಗೂ ಬೆಲೆಯಿದೆ ಎಂದು ಎಚ್.ಡಿ. ಕುಮಾರಸ್ವಾಮಿಯವರು ಆರೋಪಿಸಿದರು. ಅದು ದುಬೈಯಲ್ಲಿರುವ ವೈದ್ಯ ಮಿತ್ರರೊಬ್ಬರ ಉಡುಗೊರೆ, ಬೆಲೆ ಅಷ್ಟೇನಿಲ್ಲ ಎಂದು ಮುಖ್ಯಮಂತ್ರಿಗಳು ಉತ್ತರಿಸಿದರು. ಮಾರ್ಚ್ ಮೊದಲ ವಾರದಲ್ಲಿ ಅವರು ಅದನ್ನು ಸ್ಪೀಕರ್ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿದರು. ವಾಚು ಸರಕಾರದ ಸೊತ್ತಾಯಿತು. ಆ ದಿನಗಳಲ್ಲಿ ಚಹಾದಂಗಡಿಯಿಂದ ಹಿಡಿದು ಸದನದವರೆಗೆ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ: ಯಾರು ಕೊಟ್ಟರು, ಯಾಕೆ ಕೊಟ್ಟರು? ರಾಜಕೀಯಕ್ಕೆ ಅಷ್ಟು ಸಾಕು. ಆದರೆ ಮೂರನೆಯ ಪ್ರಶ್ನೆಯೊಂದು ಹಾಗೇ ಉಳಿದುಹೋಯಿತು. ಸಣ್ಣ ಊರಿನಲ್ಲಿ ಒಂದು ಒಳ್ಳೆಯ ಮನೆ ಕಟ್ಟಿಸುವಷ್ಟು ಬೆಲೆ ಒಂದು ವಾಚಿಗೆ ಬರುವುದಾದರೂ ಹೇಗೆ?

ಸರಿಯಾದ ಸಮಯ ತೋರಿಸುತ್ತದೆ ಎಂಬ ಕಾರಣಕ್ಕಂತೂ ಅಲ್ಲ. ಆ ಕಾರಣ 1969ರ ಡಿಸೆಂಬರ್ 25ರಂದೇ ಸತ್ತುಹೋಯಿತು. ಅಂದು ಟೋಕಿಯೋದಲ್ಲಿ ಸೀಕೋ ಕಂಪೆನಿ ಆಸ್ಟ್ರಾನ್ ಎಂಬ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಬೆಲೆ ನಾಲ್ಕೂವರೆ ಲಕ್ಷ ಯೆನ್. ಆ ಕಾಲಕ್ಕೆ ಜಪಾನಿನಲ್ಲಿ ಒಂದು ಟೊಯೋಟಾ ಕೊರೊಲಾ ಕಾರು ಕೊಳ್ಳುವಷ್ಟು ಹಣವದು. ಬ್ಯಾಟರಿಯ ವಿದ್ಯುತ್ತು ತಾಗಿದಾಗ ಸ್ಫಟಿಕದ ಚೂರೊಂದು ಸೆಕೆಂಡಿಗೆ ಸಾವಿರಾರು ಬಾರಿ ಕಂಪಿಸುತ್ತದೆ. ಆ ಕಂಪನವನ್ನು ಎಣಿಸಿ ಮುಳ್ಳುಗಳನ್ನು ನಡೆಸುವುದಷ್ಟೇ ಅದರ ತಂತ್ರ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಈ ತಂತ್ರ ಎಷ್ಟು ಅಗ್ಗವಾಯಿತೆಂದರೆ, ಕಾರಿನ ಬೆಲೆಯಲ್ಲಿ ಹುಟ್ಟಿದ ಸಾಮಾನು ಕೊನೆಗೆ ರಸ್ತೆ ಬದಿಯ ತಳ್ಳುಗಾಡಿಗೆ ಬಂತು. ಇವತ್ತು ಸಂತೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕ್ವಾರ್ಟ್ಜ್ ವಾಚು ತಿಂಗಳಿಗೆ ಹತ್ತು ಹದಿನೈದು ಸೆಕೆಂಡು ತಪ್ಪಿದರೆ ಹೆಚ್ಚು. ಸ್ವಿಟ್ಜರ್ಲೆಂಡಿನಲ್ಲಿ ಯಾಂತ್ರಿಕ ವಾಚುಗಳಿಗೆ 'ಕ್ರೋನೋಮೀಟರ್' ಎಂಬ ಪ್ರಮಾಣಪತ್ರ ಕೊಡುವ ಪರೀಕ್ಷೆಯಲ್ಲಿ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ ಅಥವಾ ಆರು ಸೆಕೆಂಡು ಮುಂದೆ ಓಡಿದರೂ ತೇರ್ಗಡೆ. ಅಂದರೆ ಲಕ್ಷಗಟ್ಟಲೆ ಕೊಟ್ಟ ವಾಚು ಒಂದೇ ವಾರದಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಮುಂದೆ ಹೋದರೂ ಅದಕ್ಕೆ ಮರ್ಯಾದೆ ಹೋಗುವುದಿಲ್ಲ. ಜೇಬಿನೊಳಗಿನ ಮೊಬೈಲು ಇವೆರಡನ್ನೂ ನೋಡಿ ನಗಬಹುದು.

ಕ್ವಾರ್ಟ್ಜ್ ಬಂದ ಮೇಲೆ ಸ್ವಿಟ್ಜರ್ಲೆಂಡಿನ ವಾಚು ಉದ್ಯಮ ನೆಲಕಚ್ಚಿತು. 1970ರಲ್ಲಿ ಅಲ್ಲಿ ಸುಮಾರು 90 ಸಾವಿರ ಮಂದಿ ಈ ಕಸುಬಿನಲ್ಲಿದ್ದರು. 1980ರ ದಶಕದ ನಡುವಿನ ಹೊತ್ತಿಗೆ ಉಳಿದವರು ಹೆಚ್ಚುಕಡಿಮೆ ಅದರ ಮೂರನೆಯ ಒಂದು ಪಾಲು. ಜೂರಾ ಬೆಟ್ಟಗಳ ನಡುವಿನ ಹಳ್ಳಿಗಳಲ್ಲಿ ಚಳಿಗಾಲದ ಹಿಮ ಬಿದ್ದಾಗ ರೈತರು ಕಿಟಕಿಯ ಪಕ್ಕ ಕೂತು ವಾಚಿನ ಬಿಡಿಭಾಗ ಉಜ್ಜುತ್ತಿದ್ದ ಸಂಪ್ರದಾಯ ತಲೆಮಾರುಗಳದ್ದು. ಅದರ ಕತೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ಉದ್ಯಮ ಚೇತರಿಸಿಕೊಂಡದ್ದು ಎರಡು ದಾರಿಗಳಲ್ಲಿ. ಒಂದು, 1983ರಲ್ಲಿ ಬಂದ ಸ್ವಾಚ್. ಕೇವಲ 51 ಬಿಡಿಭಾಗಗಳ, ಬಣ್ಣಬಣ್ಣದ ಪ್ಲಾಸ್ಟಿಕ್ ಕ್ವಾರ್ಟ್ಜ್ ವಾಚು ಅದು. ಇನ್ನೊಂದು ದಾರಿ ಇದಕ್ಕೆ ತೀರಾ ವಿರುದ್ಧವಾದದ್ದು, ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು.

1982ರಲ್ಲಿ ಜಾನ್-ಕ್ಲಾಡ್ ಬಿವೆ ಎಂಬವರು ಜಾಕ್ ಪಿಗೆಯವರ ಜೊತೆ ಸೇರಿ ಬ್ಲಾಂಪ್ಯಾ ಎಂಬ ಹಳೆಯ ಹೆಸರನ್ನು ಕೊಂಡರು. ಕಾರ್ಖಾನೆಯನ್ನಲ್ಲ, ಹೆಸರನ್ನು. ಕೊಟ್ಟದ್ದು ಸುಮಾರು 22 ಸಾವಿರ ಸ್ವಿಸ್ ಫ್ರಾಂಕ್. 1735ರಷ್ಟು ಹಳೆಯದೆಂದು ಹೇಳಿಕೊಳ್ಳುವ ಈ ಕಂಪೆನಿ ಎಂದೂ ಕ್ವಾರ್ಟ್ಜ್ ವಾಚು ಮಾಡಿಲ್ಲ, ಎಂದೂ ಮಾಡುವುದಿಲ್ಲ ಎಂದು ಅವರು ಜಾಹೀರಾತು ಕೊಟ್ಟರು. ಮಾತೇನೋ ನಿಜವೇ. ಕ್ವಾರ್ಟ್ಜ್ ಜಗತ್ತನ್ನು ಆಕ್ರಮಿಸುತ್ತಿದ್ದ ವರ್ಷಗಳಲ್ಲಿ ಆ ಹೆಸರೇ ನಿದ್ದೆ ಹೋಗಿತ್ತು. ನಿದ್ದೆಯಲ್ಲಿದ್ದವನು ಕಳ್ಳತನ ಮಾಡಲಿಲ್ಲ ಎಂದು ಮೆಚ್ಚಿಕೊಂಡ ಹಾಗೆ. ಆದರೂ ಆ ಒಂದು ವಾಕ್ಯ ಇಡೀ ಉದ್ಯಮದ ಹಣೆಬರಹ ಬದಲಿಸಿತು. ಹಿಂದುಳಿದ ತಂತ್ರಜ್ಞಾನ ಎಂಬ ಅವಮಾನ, ನಿಷ್ಠೆ ಎಂಬ ಗುಣವಾಗಿ ಮಾರ್ಪಟ್ಟಿತು. ಹತ್ತು ವರ್ಷಗಳ ಬಳಿಕ, 1992ರಲ್ಲಿ, ಅದೇ ಹೆಸರು ಸುಮಾರು ಆರು ಕೋಟಿ ಫ್ರಾಂಕ್‌ಗಳಿಗೆ ಮಾರಾಟವಾಯಿತು.

ಈ ಬಿವೆಯವರೇ 2004ರಲ್ಲಿ ಹ್ಯೂಬ್ಲೋ ಕಂಪೆನಿಯ ಚುಕ್ಕಾಣಿ ಹಿಡಿದವರು. ಚಿನ್ನದ ವಾಚಿಗೆ ರಬ್ಬರಿನ ಪಟ್ಟಿ ಕಟ್ಟಿದ್ದೇ 1980ರಲ್ಲಿ ಶುರುವಾದ ಆ ಕಂಪೆನಿಯ ಹೆಗ್ಗಳಿಕೆಯಾಗಿತ್ತು. 2005ರಲ್ಲಿ ಬಿವೆ 'ಬಿಗ್ ಬ್ಯಾಂಗ್' ಎಂಬ ಮಾದರಿ ತಂದರು. ದಪ್ಪ, ಅಗಲ, ದೂರದಿಂದಲೇ ಕಣ್ಣಿಗೆ ಹೊಡೆಯುವ ವಾಚು. ಆರಂಭದ ಬಿಗ್ ಬ್ಯಾಂಗ್‌ನ ಹೊಟ್ಟೆಯೊಳಗೆ ಇದ್ದದ್ದು 1970ರ ದಶಕದಲ್ಲಿ ರೂಪುಗೊಂಡ ವಾಲ್ಜೂ 7750 ಎಂಬ ಯಂತ್ರದ ಮಾರ್ಪಾಟು. ಗಟ್ಟಿಮುಟ್ಟಾದ, ನಂಬಬಹುದಾದ ಯಂತ್ರವೇ ಅದು. ಆದರೆ ಅದೇ ಯಂತ್ರ ಅದರ ಹತ್ತನೇ ಒಂದು ಪಾಲು ಬೆಲೆಯ ಎಷ್ಟೋ ವಾಚುಗಳೊಳಗೂ ಓಡುತ್ತಿತ್ತು. ಕಂಪೆನಿ ಆ ಮೇಲೆ ತನ್ನದೇ ಯಂತ್ರ ಮಾಡಿಕೊಂಡಿತು ಎನ್ನುವುದನ್ನೂ ಹೇಳಬೇಕು. 2008ರಲ್ಲಿ ಫ್ರಾನ್ಸಿನ ಎಲ್‌ವಿಎಂಎಚ್ ಎಂಬ ಐಷಾರಾಮಿ ಸಾಮಾನುಗಳ ದೈತ್ಯ ಕಂಪೆನಿ ಹ್ಯೂಬ್ಲೋವನ್ನು ಕೊಂಡುಕೊಂಡಿತು. ವಿಧಾನಸೌಧಕ್ಕೆ ಬಂದ ವಾಚಿನ ವಂಶಾವಳಿ ಇಷ್ಟು.

ಇಲ್ಲಿಗೆ ನಿಲ್ಲಿಸಿದರೆ, ಎಲ್ಲ ಬರೀ ಜಾಹೀರಾತಿನ ಮಾಯೆ ಎಂದು ಕೈತೊಳೆದುಕೊಳ್ಳಬಹುದು. ನಮ್ಮಲ್ಲಿ ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ಆದರೆ ಅದು ಕೆಲಸಗಾರನಿಗೆ ಮಾಡುವ ಅನ್ಯಾಯ. ಯಾಂತ್ರಿಕ ವಾಚಿನ ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿದವರಿಗೆ ಇದು ಗೊತ್ತು. ಸುರುಳಿ ಸುತ್ತಿದ ಉಕ್ಕಿನ ಪಟ್ಟಿಯೊಂದು ಬಿಚ್ಚಿಕೊಳ್ಳುವ ಬಲವನ್ನು ಹಲ್ಲಿನ ಚಕ್ರಗಳು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಕೊನೆಯಲ್ಲಿ ಕವಲಿನಾಕಾರದ ಒಂದು ಪುಟ್ಟ ಸನ್ನೆ ಆ ಬಲವನ್ನು ಒಮ್ಮೆ ತಡೆದು ಒಮ್ಮೆ ಬಿಡುತ್ತದೆ. ನಮಗೆ ಕೇಳುವ ಟಿಕ್ ಟಿಕ್ ಆ ತಡೆಯ ಸದ್ದು. ತಲೆಗೂದಲಿಗಿಂತ ತೆಳ್ಳಗಿನ ಹೇರ್‌ಸ್ಪ್ರಿಂಗು ಉಸಿರಾಡಿದಂತೆ ಹಿಗ್ಗಿ ಕುಗ್ಗಿ ಬ್ಯಾಲೆನ್ಸ್ ಚಕ್ರವನ್ನು ಹಿಂದೆ ಮುಂದೆ ತೂಗುತ್ತದೆ. ಇವತ್ತಿನ ಸಾಮಾನ್ಯ ಸ್ವಿಸ್ ವಾಚಿನಲ್ಲಿ ಇದು ಸೆಕೆಂಡಿಗೆ ಎಂಟು ಬಾರಿ ನಡೆಯುತ್ತದೆ. ದಿನಕ್ಕೆ 6,91,200 ಬಾರಿ, ವರ್ಷಕ್ಕೆ 25 ಕೋಟಿಗೂ ಮೇಲೆ. ಬ್ಯಾಟರಿಯಿಲ್ಲ, ತಂತಿಯಿಲ್ಲ. ನೂರಕ್ಕೂ ಹೆಚ್ಚು ಬಿಡಿಭಾಗಗಳು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಜಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡು ಬದುಕುತ್ತವೆ.

ಆದರೆ ಈ ವಿಸ್ಮಯ ಕೂಡಾ ದುಬಾರಿಯಾಗಬೇಕಿಲ್ಲ ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಎಚ್‌ಎಂಟಿ ಇಲ್ಲಿ ವಾಚು ತಯಾರಿಕೆ ಶುರು ಮಾಡಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಎಚ್‌ಎಂಟಿ ಜನತಾ ನೆನಪಿಲ್ಲದ ಮನೆ ಹಳೆಯ ತಲೆಮಾರಿನಲ್ಲಿ ಕಡಿಮೆ. ಮೇಷ್ಟ್ರ ಕೈಯಲ್ಲಿ, ಗುಮಾಸ್ತರ ಕೈಯಲ್ಲಿ, ಮದುಮಗನ ಕೈಯಲ್ಲಿ ಅದೇ. ಹದಿನೇಳು ಕೆಂಪು ಹರಳು, ಗಂಟೆಗೆ 18,000 ಮಿಡಿತ, ದಿನಕ್ಕೊಮ್ಮೆ ಕೀ ಕೊಡಬೇಕು. ಬೆಲೆ ಕೆಲವು ನೂರು ರೂಪಾಯಿ.

ಈಗ ಇದರ ಪಕ್ಕದಲ್ಲಿ ಇನ್ನೊಂದು ವಾಚನ್ನಿಟ್ಟು ನೋಡೋಣ. ಸ್ವಿಟ್ಜರ್ಲೆಂಡಿನ ವಾಲೆ ದ ಜೂ ಕಣಿವೆಯ ಹಳ್ಳಿಯೊಂದರಲ್ಲಿ, ಹಳೆಯ ಶಾಲಾ ಕಟ್ಟಡದೊಳಗೆ ಫಿಲಿಪ್ ಡ್ಯೂಫೂರ್ ಎಂಬ ಕುಶಲಕರ್ಮಿಯ ಕಾರ್ಯಾಗಾರವಿದೆ. 2000ದಲ್ಲಿ ಅವರು 'ಸಿಂಪ್ಲಿಸಿಟಿ' ಎಂಬ ವಾಚು ಹೊರತಂದರು. ಅದರಲ್ಲಿ ತಾರೀಕಿಲ್ಲ, ಅಲಾರಂ ಇಲ್ಲ, ವಜ್ರವಿಲ್ಲ. ಗಂಟೆ, ನಿಮಿಷ, ಸೆಕೆಂಡು ಅಷ್ಟೆ. ಅದಕ್ಕೂ ಕೈಯಿಂದಲೇ ಕೀ ಕೊಡಬೇಕು. ಅದೂ ಗಂಟೆಗೆ 18,000 ಬಾರಿಯೇ ಮಿಡಿಯುತ್ತದೆ. ಕೆಲಸದ ದೃಷ್ಟಿಯಿಂದ ಅದು ಜನತಾದ ಅಣ್ಣನೂ ಅಲ್ಲ, ತಮ್ಮನೂ ಅಲ್ಲ, ಸಮಾನ ವಯಸ್ಕ. ಇಷ್ಟು ವರ್ಷಗಳಲ್ಲಿ ತಯಾರಾದ ಸಿಂಪ್ಲಿಸಿಟಿಗಳು ಇನ್ನೂರರ ಆಸುಪಾಸು. 2020ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ ಅದರ ಇಪ್ಪತ್ತನೇ ವರ್ಷದ ಸ್ಮರಣೆಯ ಮಾದರಿಯೊಂದು 13 ಲಕ್ಷ ಫ್ರಾಂಕ್ ದಾಟಿತು.

ವ್ಯತ್ಯಾಸ ಎಲ್ಲಿದೆ? ಬಿಡಿಭಾಗಗಳ ಅಂಚಿನಲ್ಲಿದೆ. ಜನತಾದ ಒಳಗಿನ ಲೋಹದ ತಟ್ಟೆಗಳನ್ನು ಯಂತ್ರ ಕತ್ತರಿಸಿದ ಹಾಗೆಯೇ ಜೋಡಿಸಲಾಗಿದೆ. ಡ್ಯೂಫೂರ್ ಅವರ ವಾಚಿನಲ್ಲಿ ಪ್ರತಿ ತಟ್ಟೆಯ ಪ್ರತಿ ಅಂಚನ್ನೂ ಓರೆಯಾಗಿ ಅರೆದು, ಕನ್ನಡಿಯಂತೆ ಹೊಳೆಯುವವರೆಗೆ ಕೈಯಿಂದ ಉಜ್ಜಲಾಗಿದೆ. ಉಜ್ಜಲು ಬಳಸುವುದರಲ್ಲಿ ಆ ಕಣಿವೆಯಲ್ಲೇ ಬೆಳೆಯುವ ಜೆನ್ಷಿಯನ್ ಎಂಬ ಗಿಡದ ಒಣಗಿದ ಕಡ್ಡಿಯೂ ಒಂದು. ಅಂಚುಗಳು ಒಳಮುಖವಾಗಿ ಸಂಧಿಸುವ ಮೂಲೆಯಿದೆಯಲ್ಲ, ಅದೇ ಈ ಕಸುಬಿನ ಪರೀಕ್ಷೆ. ತಿರುಗುವ ಯಂತ್ರ ಆ ಮೂಲೆಯನ್ನು ದುಂಡಗೆ ಮಾಡಿಬಿಡುತ್ತದೆ. ಮೊನಚಾಗಿ ಉಳಿಸಬೇಕಾದರೆ ಮನುಷ್ಯನ ಕೈಯೇ ಬೇಕು. ತಿಳಿದವರು ಭೂತಗನ್ನಡಿ ಹಿಡಿದು ಮೊದಲು ನೋಡುವುದು ಅಲ್ಲಿಗೇ. ಬಡಗಿಯ ಕೆಲಸ ತಿಳಿಯಬೇಕಾದರೆ ಕಪಾಟಿನ ಹಿಂಬದಿ ನೋಡು ಎನ್ನುತ್ತಾರಲ್ಲ, ಹಾಗೆ. ಇಂಥ ಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ. ಅದರಿಂದ ವಾಚು ಒಂದು ಸೆಕೆಂಡೂ ಹೆಚ್ಚು ನಿಖರವಾಗುವುದಿಲ್ಲ.

ನನ್ನ ಮಟ್ಟಿಗೆ ದುಬಾರಿ ವಾಚಿನಲ್ಲಿ ನಿಜವಾಗಿ ಬೆಲೆ ಬಾಳುವುದು ಇದೊಂದೇ. ಬಿದರಿ ಕೆಲಸಗಾರನ ಬೆಳ್ಳಿಯ ಎಳೆಗೆ, ಇಳಕಲ್ ನೇಕಾರನ ಸೆರಗಿಗೆ ಕೊಡುವಂಥ ಗೌರವವನ್ನು ಇದಕ್ಕೂ ಕೊಡಲೇಬೇಕು. ಒಬ್ಬ ಮನುಷ್ಯ ತನ್ನ ಆಯುಷ್ಯದ ಇಷ್ಟು ತಿಂಗಳುಗಳನ್ನು ಈ ಲೋಹದೊಳಗೆ ಇಟ್ಟಿದ್ದಾನೆ. ಅದಕ್ಕೆ ಕೂಲಿ ಸಲ್ಲಬೇಕು. ತೊಡಕಿರುವುದು ಇಲ್ಲಿ: ಇನ್ನೂರು ವಾಚು ಮಾಡಿದ ಒಬ್ಬನ ಕತೆಯನ್ನು ವರ್ಷಕ್ಕೆ ಲಕ್ಷಗಟ್ಟಲೆ ವಾಚು ಮಾಡುವ ಕಂಪೆನಿಗಳು ತಮ್ಮದೆಂದು ತೋರಿಸಿ ಮಾರುತ್ತವೆ. ಬಿಳಿ ಕೋಟು ತೊಟ್ಟ ಮುದುಕನೊಬ್ಬ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಾಗಿ ಕೂತ ಚಿತ್ರ ಎಲ್ಲ ಜಾಹೀರಾತುಗಳಲ್ಲೂ ಇರುತ್ತದೆ. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ ಸಾಲು ಇರುವುದಿಲ್ಲ. ರೋಲೆಕ್ಸ್ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಾಚುಗಳನ್ನು ತಯಾರಿಸುತ್ತದೆ ಎಂಬುದು ಹಣಕಾಸು ಸಂಸ್ಥೆಗಳ ಅಂದಾಜು. ಅವು ಅತ್ಯುತ್ತಮ ಯಂತ್ರಗಳೇ, ಸಂಶಯವಿಲ್ಲ. ಆದರೆ ಅವು ಕಾರ್ಖಾನೆಯ ಸಾಮಾನು, ಒಬ್ಬನ ಕೈಕಸುಬಲ್ಲ. 'ಸ್ವಿಸ್ ಮೇಡ್' ಎಂಬ ಎರಡು ಪದಗಳಿಗೂ 2017ರ ನಿಯಮದ ಪ್ರಕಾರ ತಯಾರಿಕಾ ವೆಚ್ಚದ ಶೇ. 60 ಮಾತ್ರ ಆ ದೇಶದಲ್ಲಿ ಆಗಿದ್ದರೆ ಸಾಕು.

ಕಸುಬಿನ ಹೆಸರಿನಲ್ಲಿ ಮಾರಾಟವಾಗುವ ಇನ್ನೊಂದು ವಸ್ತು 'ಕಾಂಪ್ಲಿಕೇಶನ್', ಅಂದರೆ ಸಮಯ ತೋರಿಸುವುದಕ್ಕಿಂತ ಹೆಚ್ಚಿನ ಯಾವುದೇ ಕೆಲಸ. ಇವುಗಳಲ್ಲಿ ಅತಿ ಹೆಸರುವಾಸಿಯಾದದ್ದು ಟೂರ್ಬಿಯೋ. 1801ರಲ್ಲಿ ಬ್ರೆಗೆ ಇದಕ್ಕೆ ಪೇಟೆಂಟ್ ಪಡೆದ. ಆಗಿನ ಗಡಿಯಾರಗಳು ಕೋಟಿನ ಜೇಬಿನಲ್ಲಿ ದಿನವಿಡೀ ನೆಟ್ಟಗೆ ನಿಂತಿರುತ್ತಿದ್ದುದರಿಂದ ಭೂಮಿಯ ಸೆಳೆತ ಬ್ಯಾಲೆನ್ಸ್ ಚಕ್ರವನ್ನು ಒಂದೇ ಕಡೆ ಎಳೆಯುತ್ತಿತ್ತು. ಇಡೀ ಜೋಡಣೆಯನ್ನೇ ನಿಧಾನವಾಗಿ ತಿರುಗಿಸಿ ಆ ದೋಷವನ್ನು ಸರಿದೂಗಿಸುವುದು ಉಪಾಯ. ಆದರೆ ಕೈಗೆ ಕಟ್ಟಿದ ವಾಚು ಹೇಗೂ ದಿನವಿಡೀ ಎತ್ತೆತ್ತಲೋ ತಿರುಗುತ್ತಲೇ ಇರುತ್ತದೆ. ಅಲ್ಲಿ ಟೂರ್ಬಿಯೋ ಬಹುಮಟ್ಟಿಗೆ ಅಲಂಕಾರ. 2016ರಲ್ಲಿ ಟ್ಯಾಗ್ ಹೋಯರ್ ಕಂಪೆನಿ 15 ಸಾವಿರ ಫ್ರಾಂಕ್‌ಗಿಂತ ಕಡಿಮೆ ಬೆಲೆಗೆ ಅದನ್ನು ಮಾರುಕಟ್ಟೆಗೆ ತಂದಾಗ ಜಿನೀವಾದ ಹಳೆಯ ಮನೆಗಳಲ್ಲಿ ಅಸಮಾಧಾನ ಹೊಗೆಯಾಡಿತು. ಆಗ ಆ ಕಂಪೆನಿ ನಡೆಸುತ್ತಿದ್ದವರು ಮತ್ತೆ ನಮ್ಮ ಬಿವೆಯವರೇ. ಅಗ್ಗವಾಗಬಾರದು ಎಂಬ ಸಿಟ್ಟೇ, ಬೆಲೆ ಯಾವುದರಲ್ಲಿತ್ತು ಎಂಬುದನ್ನು ಬಾಯಿಬಿಟ್ಟು ಹೇಳಿತು.

ಎಲ್ಲ ಕಾಂಪ್ಲಿಕೇಶನ್‌ಗಳೂ ಹೀಗೆ ಟೊಳ್ಳಲ್ಲ. ಪಾರ್ಮಿಜಿಯಾನಿ ಎಂಬ ಸ್ವಿಸ್ ಕಂಪೆನಿಯ ಹಿಜರಿ ಪಂಚಾಂಗದ ಕೈಗಡಿಯಾರ 2020ರಲ್ಲಿ ಜಿನೀವಾದಲ್ಲಿ ಹೊಸ ಆವಿಷ್ಕಾರಕ್ಕೆ ಕೊಡುವ ಪ್ರಶಸ್ತಿ ಪಡೆಯಿತು. ಮಿಶೆಲ್ ಪಾರ್ಮಿಜಿಯಾನಿ ಹಳೆಯ ಗಡಿಯಾರಗಳನ್ನು ದುರಸ್ತಿ ಮಾಡುತ್ತಲೇ ಹೆಸರು ಮಾಡಿದವರು. ದುರಸ್ತಿಗೆ ಬಂದ ಅರಬಿ ಪಂಚಾಂಗದ ಹಳೆಯ ಗಡಿಯಾರವೇ ಇದಕ್ಕೆ ಪ್ರೇರಣೆ. ಮುವ್ವತ್ತು ವರ್ಷಗಳ ಚಕ್ರದಲ್ಲಿ ಹನ್ನೊಂದು ವರ್ಷಗಳಿಗೆ 355 ದಿನ, ಉಳಿದವಕ್ಕೆ 354. ಈ ಗಣಿತವನ್ನೆಲ್ಲ ಬರೀ ಹಲ್ಲಿನ ಚಕ್ರಗಳಿಗೆ ಕಲಿಸಲಾಗಿದೆ. ಸಾಮಾನ್ಯ ಮಾತಲ್ಲ. ಆದರೆ ಲೆಕ್ಕದ ತಿಂಗಳು ಬೇರೆ, ಕಣ್ಣಿಗೆ ಕಾಣುವ ಚಂದ್ರ ಬೇರೆ. ಈ ವಾಚು ಕಟ್ಟಿಕೊಂಡವನೂ ರಮಝಾನಿನ ಇಪ್ಪತ್ತೊಂಬತ್ತರ ಸಂಜೆ ಎಲ್ಲರ ಜೊತೆ ಮಹಡಿ ಹತ್ತಿ ಪಡುವಣ ಬಾನನ್ನು ನೋಡಬೇಕಾದದ್ದೇ.

ಬೆಲೆಯ ದೊಡ್ಡ ಪಾಲು ಇರುವುದು ಹಾಗಾದರೆ ಎಲ್ಲಿ? ಪಟೆಕ್ ಫಿಲಿಪ್ ಕಂಪೆನಿ 1996ರಿಂದ ನಡೆಸುತ್ತಿರುವ ಜಾಹೀರಾತನ್ನು ಗಮನವಿಟ್ಟು ಓದಿದರೆ ತಿಳಿಯುತ್ತದೆ. ಕಪ್ಪು ಬಿಳುಪು ಚಿತ್ರ. ತಂದೆ ಮತ್ತು ಪುಟ್ಟ ಮಗ. ನೀವು ಈ ವಾಚಿನ ಒಡೆಯರಲ್ಲ, ಮುಂದಿನ ಪೀಳಿಗೆಗಾಗಿ ಇದನ್ನು ಕಾಪಾಡುತ್ತಿದ್ದೀರಿ ಅಷ್ಟೆ ಎಂಬ ಅರ್ಥದ ಮಾತು. ಕಳೆದ ಐವತ್ತು ವರ್ಷಗಳಲ್ಲಿ ಬರೆಯಲಾದ ಅತ್ಯಂತ ಚಾಣಾಕ್ಷ ವಾಕ್ಯಗಳಲ್ಲಿ ಇದೊಂದು ಎಂದು ಒಪ್ಪಲೇಬೇಕು. ತನಗಾಗಿ ಮಾಡುವ ದುಂದನ್ನು ಮಕ್ಕಳಿಗಾಗಿ ಮಾಡುವ ತ್ಯಾಗವಾಗಿ ಅದು ಬದಲಿಸುತ್ತದೆ. ನಾವು 'ಅಮಾನತ್' ಎಂದು ಕರೆಯುವ ಕಲ್ಪನೆಯನ್ನೇ, ಅಂದರೆ ಕೈಯಲ್ಲಿರುವುದು ನಮ್ಮದಲ್ಲ, ನಮ್ಮ ವಶಕ್ಕೆ ಕೊಟ್ಟದ್ದು ಎಂಬ ಭಾವವನ್ನೇ ಗಲ್ಲಾಪೆಟ್ಟಿಗೆಯ ಮೇಲೆ ತಂದಿಟ್ಟಿದ್ದಾರೆ.

ಅದೇ ಕಂಪೆನಿಯ ಅತಿ ಪ್ರಸಿದ್ಧ ಗಡಿಯಾರದ ಚರಿತ್ರೆ ಈ ಜಾಹೀರಾತಿಗೆ ಏನು ಹೇಳುತ್ತದೆ ನೋಡೋಣ. ಅದು ಕೈಗೆ ಕಟ್ಟುವುದಲ್ಲ, ಜೇಬಿನದು. ನ್ಯೂಯಾರ್ಕಿನ ಬ್ಯಾಂಕರ್ ಹೆನ್ರಿ ಗ್ರೇವ್ಸ್ ಹೇಳಿ ಮಾಡಿಸಿದ್ದು. 24 ಕಾಂಪ್ಲಿಕೇಶನ್‌ಗಳು, ಅವನ ಮನೆಯಿಂದ ಕಾಣುವ ರಾತ್ರಿಯಾಕಾಶದ ನಕ್ಷತ್ರಗಳನ್ನೂ ಅದು ತೋರಿಸುತ್ತದೆ. 1933ರಲ್ಲಿ ಅವನ ಕೈ ಸೇರಿತು. ಕೊಟ್ಟದ್ದು 60 ಸಾವಿರ ಫ್ರಾಂಕ್. ಪೀಳಿಗೆಯಿಂದ ಪೀಳಿಗೆಗೆ ಹೋಗುವುದೆಂದರೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಮೊಮ್ಮಗ 1969ರಲ್ಲಿ ಅದನ್ನು ಎರಡು ಲಕ್ಷ ಡಾಲರಿಗೆ ಮಾರಿದ. ಅದು ಇಲಿನಾಯ್ ರಾಜ್ಯದ ಒಂದು ಖಾಸಗಿ ಸಂಗ್ರಹಾಲಯ ಸೇರಿತು. ಸಂಗ್ರಹಾಲಯ ಮುಚ್ಚಿದ ಮೇಲೆ 1999ರಲ್ಲಿ 1 ಕೋಟಿ 10 ಲಕ್ಷ ಡಾಲರಿಗೆ ಹರಾಜಾಯಿತು. ಕತಾರಿನ ಶೇಖ್ ಸೌದ್ ಬಿನ್ ಮುಹಮ್ಮದ್ ಅಲ್ ಥಾನಿಯವರ ಸಂಗ್ರಹ ಸೇರಿತು. 2014ರ ನವೆಂಬರ್ 11ರಂದು ಜಿನೀವಾದಲ್ಲಿ ಅದು ಮತ್ತೆ ಹರಾಜಿಗೆ ಬಂತು. ಶೇಖರು ತೀರಿಕೊಂಡದ್ದು ಅದಕ್ಕೆ ಎರಡೇ ದಿನ ಮೊದಲು. ಬೆಲೆ 2 ಕೋಟಿ 40 ಲಕ್ಷ ಡಾಲರ್. ಎಂಬತ್ತು ವರ್ಷಗಳಲ್ಲಿ ಅದು ರಕ್ತಸಂಬಂಧದ ಮೂಲಕ ಉಳಿದದ್ದು ಮೊಮ್ಮಗನ ತನಕ ಮಾತ್ರ. ಆ ಬಳಿಕ ಅದು ಸಾಗಿದ್ದು ಹಣದ ದಾರಿಯಲ್ಲಿ.

ವಿರಳತೆಯ ಕತೆ ಇನ್ನೂ ವಿಚಿತ್ರ. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು. ಅದರ ಡಯಲ್ ಎಲ್ಲ ಡೇಟೋನಾಗಳಂತಲ್ಲ. 1960ರ ದಶಕದಲ್ಲಿ ಆ ಬಗೆಯ ಡಯಲನ್ನು ಕೊಳ್ಳುವವರು ಕಡಿಮೆಯಿದ್ದರು. ಮಾರಾಟವಾಗದ್ದರಿಂದ ಹೆಚ್ಚು ತಯಾರಾಗಲಿಲ್ಲ. ಹೆಚ್ಚು ತಯಾರಾಗದ್ದರಿಂದ ಈಗ ಅದಕ್ಕೆ ಚಿನ್ನದ ಬೆಲೆ. ಯಾರಿಗೂ ಬೇಡವಾದ ಸೊಸೆ ಮನೆಯೊಡತಿಯಾದ ಹಾಗೆ. ಆಕಸ್ಮಿಕವಾಗಿ ಆದ ಈ ಪಾಠವನ್ನು ಕಂಪೆನಿಗಳು ಚೆನ್ನಾಗಿ ಕಲಿತವು. ಪಟೆಕ್‌ನ ನಾಟಿಲಸ್ ಎಂಬ ಉಕ್ಕಿನ ವಾಚಿನ 5711 ಎಂಬ ಮಾದರಿಯನ್ನು, ಜನ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿರುವಾಗಲೇ, 2021ರಲ್ಲಿ ನಿಲ್ಲಿಸಲಾಯಿತು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅದರ ಬೆಲೆ ಅಂಗಡಿ ಬೆಲೆಯ ಮೂರು ನಾಲ್ಕು ಪಟ್ಟು ಏರಿತು, ಮುಂದಿನ ವರ್ಷ ಇಳಿಯಲೂ ಶುರುವಾಯಿತು. ಉಕ್ಕಿನ ಗುಣದಲ್ಲಿ ಈ ನಡುವೆ ಏನೂ ಬದಲಾಗಿರಲಿಲ್ಲ.

ಈ ಆಟದಲ್ಲಿ ಕಂಪೆನಿಗಳೇ ಬಿದ್ದದ್ದೂ ಇದೆ. 2021ರ ನವೆಂಬರಿನಲ್ಲಿ ಒಮೆಗಾ ಸ್ಪೀಡ್‌ಮಾಸ್ಟರ್ ಹಳೆಯ ವಾಚೊಂದು 31 ಲಕ್ಷ ಫ್ರಾಂಕ್‌ಗಳಿಗೆ ಹರಾಜಾಯಿತು. ಕೊಂಡದ್ದು ಒಮೆಗಾದ್ದೇ ಸಂಗ್ರಹಾಲಯ. ಅದು ಬೇರೆಬೇರೆ ವಾಚುಗಳ ಭಾಗಗಳನ್ನು ಸೇರಿಸಿ ಕಟ್ಟಿದ ಕೃತಕ ವಾಚು, ಇದರಲ್ಲಿ ತನ್ನ ಮಾಜಿ ನೌಕರರೂ ಶಾಮೀಲು ಎಂದು 2023ರಲ್ಲಿ ಕಂಪೆನಿಯೇ ಪ್ರಕಟಿಸಿತು. ಅದನ್ನು ಹುಟ್ಟಿಸಿದ ಮನೆಯವರಿಗೇ ಅಸಲಿ ನಕಲಿ ತಿಳಿಯದೆ ಹೋದ ಮೇಲೆ, 31 ಲಕ್ಷ ಫ್ರಾಂಕ್ ಸಂದದ್ದು ಯಾವುದಕ್ಕೆ? ವಸ್ತುವಿಗಂತೂ ಅಲ್ಲ, ಅದರ ಬಗ್ಗೆ ಹೇಳಲಾದ ಕತೆಗೆ.

ಕೊಲ್ಲಿ ದೇಶಗಳಿಗೂ ಈ ವಾಚುಗಳಿಗೂ ಹಳೆಯ ನಂಟು. ಒಮಾನಿನ ರಾಜಲಾಂಛನವಾದ ಖಂಜರಿನ ಚಿತ್ರವನ್ನು ಡಯಲಿನ ಮೇಲೆ ಅಚ್ಚೊತ್ತಿದ ರೋಲೆಕ್ಸ್‌ಗಳು ಅಲ್ಲಿನ ಅರಮನೆಯ ಉಡುಗೊರೆಗಳಾಗಿ ಹೋದವು. ಇವತ್ತು ಸಂಗ್ರಾಹಕರು ಅವುಗಳ ಹಿಂದೆ ಬಿದ್ದಿದ್ದಾರೆ. 2018ರಲ್ಲಿ ಸೌದಿ ಯುವರಾಜರು ಕೊಟ್ಟ ವಾಚಿನ ಮಾರಾಟ ಪಾಕಿಸ್ತಾನದಲ್ಲಿ ಇಮ್ರಾನ್ ಖಾನರನ್ನು ನ್ಯಾಯಾಲಯಕ್ಕೆ ಎಳೆಯಿತು. ಸಣ್ಣದು, ಹಗುರ, ಬೆಲೆಬಾಳುವುದು, ಯಾವ ಬ್ಯಾಂಕಿನ ಲೆಕ್ಕಕ್ಕೂ ಬಾರದೆ ಗಡಿ ದಾಟಬಲ್ಲದು: ಉಡುಗೊರೆಗೆ ಇದಕ್ಕಿಂತ ಅನುಕೂಲದ ವಸ್ತು ಇನ್ನೊಂದಿಲ್ಲ. ಇಲ್ಲೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಗಂಡಸರಿಗೆ ಚಿನ್ನ ನಿಷಿದ್ಧವಾದ ಕಾರಣ ಅಲ್ಲಿನ ಎಷ್ಟೋ ಶ್ರೀಮಂತರು ಚಿನ್ನದ ವಾಚು ಮುಟ್ಟುವುದಿಲ್ಲ. ಚಿನ್ನದ್ದಕ್ಕಿಂತ ದುಬಾರಿಯಾದ ಪ್ಲಾಟಿನಂ ವಾಚು ಕಟ್ಟುತ್ತಾರೆ! ಇದು ಮುಸ್ಲಿಮರ ಜಾಣ್ಮೆ ಮಾತ್ರ ಎಂದು ಯಾರೂ ನಗಬೇಕಿಲ್ಲ. ಹದಿನಾರನೆಯ ಶತಮಾನದ ಜಿನೀವಾದಲ್ಲಿ ಕ್ರೈಸ್ತ ಸುಧಾರಕ ಕಾಲ್ವಿನ್‌ನ ಪ್ರಭಾವದಿಂದ ಆಭರಣಗಳಿಗೆ ಕಡಿವಾಣ ಬಿತ್ತು. ಕೆಲಸ ಕಳೆದುಕೊಂಡ ಅಕ್ಕಸಾಲಿಗರು, ಫ್ರಾನ್ಸಿನಿಂದ ಬಂದ ನಿರಾಶ್ರಿತ ಗಡಿಯಾರ ಕಸುಬಿನವರ ಜೊತೆ ಸೇರಿ ಗಡಿಯಾರಗಳನ್ನು ಸಿಂಗರಿಸತೊಡಗಿದರು. ಗಡಿಯಾರ ಉಪಯೋಗದ ವಸ್ತು, ಒಡವೆಯಲ್ಲವಲ್ಲ! ಜಿನೀವಾದ ವಾಚು ಉದ್ಯಮ ಬೇರೂರಿದ್ದು ಆ ಸಂದಿಯಲ್ಲಿ. ಆಡಂಬರದ ಮೇಲಿನ ನಿಷೇಧವೇ ಜಗತ್ತಿನ ಅತಿ ದೊಡ್ಡ ಆಡಂಬರಕ್ಕೆ ತೊಟ್ಟಿಲಾಯಿತು.

ಇಷ್ಟಾದ ಮೇಲೂ, ಯಾಂತ್ರಿಕ ವಾಚು ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಇದೆ ಎಂದೇ ಹೇಳುತ್ತೇನೆ. ಅದು ಸತ್ತರೆ ಬದುಕಿಸಬಹುದು. ಮೊಬೈಲು ನಾಲ್ಕೈದು ವರ್ಷದಲ್ಲಿ ಕಸ. ಒಳ್ಳೆಯ ಯಾಂತ್ರಿಕ ವಾಚನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಜೋಡಿಸಿದರೆ ಇನ್ನೊಂದು ತಲೆಮಾರು ಓಡುತ್ತದೆ. ಆದರೆ ಈ ಗುಣವೂ ಬೆಲೆಗೆ ಅನುಗುಣವಾಗಿ ಇಲ್ಲ. ಹಲವು ಸ್ವಿಸ್ ಕಂಪೆನಿಗಳು ಬಿಡಿಭಾಗಗಳನ್ನು ಹೊರಗಿನ ಸ್ವತಂತ್ರ ರಿಪೇರಿಯವರಿಗೆ ಕೊಡುವುದನ್ನು ನಿಲ್ಲಿಸಿವೆ. ವಾಚು ನಿಮ್ಮದು, ಆದರೆ ಅದರ ಸ್ಪ್ರಿಂಗು ತುಂಡಾದರೆ ಕಂಪೆನಿಯ ಬಾಗಿಲಿಗೇ ಹೋಗಬೇಕು, ಅದು ಹೇಳಿದಷ್ಟು ಕೊಡಬೇಕು. ನಮ್ಮ ಪೇಟೆಗಳಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಕೂತು, ಕಣ್ಣಿಗೆ ಮಸೂರ ಸಿಕ್ಕಿಸಿ, ಇಡೀ ಊರಿನ ವಾಚುಗಳನ್ನು ಬದುಕಿಸುತ್ತಿದ್ದವರ ಅಂಗಡಿಗಳು ಒಂದೊಂದಾಗಿ ಮೊಬೈಲ್ ರೀಚಾರ್ಜಿನ ಅಂಗಡಿಗಳಾಗಿವೆ. 2025ರ ಅಕ್ಟೋಬರ್ 1ರಂದು ಜಾರಿಗೆ ಬಂದ ವ್ಯಾಪಾರ ಒಪ್ಪಂದದಿಂದ ಸ್ವಿಸ್ ವಾಚುಗಳ ಮೇಲಿನ ಆಮದು ಸುಂಕ ಹಂತ ಹಂತವಾಗಿ ಇಳಿಯಲಿದೆ. ವಾಚುಗಳು ಬರುತ್ತವೆ, ಅವನ್ನು ಬಿಚ್ಚಬಲ್ಲ ಕೈಗಳು ಬರುವುದಿಲ್ಲ.

ಎಚ್‌ಎಂಟಿಯ ಕೊನೆಯೂ ಇದೇ ಕತೆಯ ಇನ್ನೊಂದು ಅಧ್ಯಾಯ. ಟಾಟಾ ಬಳಗ ಮತ್ತು ತಮಿಳುನಾಡು ಸರಕಾರದ ಪಾಲುದಾರಿಕೆಯಲ್ಲಿ 1984ರಲ್ಲಿ ಹುಟ್ಟಿ, ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟಾನ್ ಕಂಪೆನಿ ಕ್ವಾರ್ಟ್ಜ್ ವಾಚುಗಳನ್ನು ಚೆಂದದ ಪೆಟ್ಟಿಗೆಯಲ್ಲಿಟ್ಟು ಮಾರಿತು. ಜಪಾನು ಸ್ವಿಟ್ಜರ್ಲೆಂಡಿಗೆ ಮಾಡಿದ್ದನ್ನು ಹೊಸೂರು ಬೆಂಗಳೂರಿಗೆ ಮಾಡಿತು. 2016ರ ಜನವರಿಯಲ್ಲಿ, ಹ್ಯೂಬ್ಲೋ ಗದ್ದಲ ಏಳುವುದಕ್ಕೆ ಒಂದು ತಿಂಗಳು ಮೊದಲು, ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು. ಆ ಸುದ್ದಿಗೆ ವಿಧಾನಸೌಧದಲ್ಲಿ ಅಷ್ಟು ಗದ್ದಲವಾಗಲಿಲ್ಲ. ಮುಚ್ಚಿದ ಮೇಲೆ ಆದದ್ದು ಮಾತ್ರ ಜಿನೀವಾದ ಹರಾಜು ಕಟ್ಟೆಯಲ್ಲಿ ಆಗುವಂಥದ್ದೇ. ಗುಜರಿಗೆ ಹೋಗುತ್ತಿದ್ದ ಜನತಾ, ಪೈಲಟ್, ಕೊಹಿನೂರ್‌ಗಳಿಗೆ ದೇಶವಿದೇಶಗಳಲ್ಲಿ ಸಂಗ್ರಾಹಕರು ಹುಟ್ಟಿಕೊಂಡರು, ಬೆಲೆ ಏರಿತು. ಬೇಡಿಕೆ ಬಂದಲ್ಲಿ ನಕಲಿಯೂ ಬರಲೇಬೇಕು. ಹಳೆಯ ಎಚ್‌ಎಂಟಿಗಳ ಡಯಲುಗಳನ್ನು ಕಿತ್ತು, ಗುಲಾಬಿ, ಹಳದಿ, ನವಿಲು ಹಸಿರಿನ ಹೊಸ ಬಣ್ಣ ಬಳಿದು, ಅದರ ಮೇಲೆ 'ಜನತಾ' ಎಂದು ಅಚ್ಚೊತ್ತಿ ಅಪರೂಪದ ಮಾದರಿ ಎಂದು ಮಾರುತ್ತಿದ್ದಾರೆ. ಅವುಗಳಲ್ಲಿ ಎಷ್ಟೋ ಬಣ್ಣಗಳನ್ನು ಕಾರ್ಖಾನೆ ಎಂದೂ ಮಾಡಿರಲಿಲ್ಲ. ಒಳಗಿನ ಯಂತ್ರ ಮಾತ್ರ ಬೆಂಗಳೂರಿನದೋ ತುಮಕೂರಿನದೋ ಕೆಲಸಗಾರರು ಜೋಡಿಸಿದ ಅದೇ ಹದಿನೇಳು ಹರಳಿನದು. ಕೀ ಕೊಟ್ಟರೆ ಇವತ್ತಿಗೂ ಓಡುತ್ತದೆ.